ಕಲ್ಲಿನೊಳಗಿನ ನೀರು, ನೀರಿನಿಂದ ಕರಗುವ ಕಲ್ಲು

ಪ್ರಶ್ನೆ: ನಮ್ಮದು ಚಿಂತಾಮಣಿ ಕಡೆ. ಹೋದ ವರ್ಷ ತೋಟದಲ್ಲಿ 1,200 ಅಡಿ ಬೋರ್ ಕೊರೆಸಿದೆವು, ಬರೀ ದೂಳು ಬಂತು. ಮೊನ್ನೆ ಮೊಬೈಲ್‌ನಲ್ಲಿ ಒಂದು ವಿಡಿಯೊ ನೋಡಿದೆ. ಭೂಮಿಯೊಳಗೆ 600 ಕಿಲೋಮೀಟರ್ ಆಳದಲ್ಲಿ ಮೇಲಿನ ಸಮುದ್ರಗಳಿಗಿಂತ ದೊಡ್ಡ ಸಮುದ್ರ ಇದೆಯಂತೆ. ಆ ನೀರಿನಿಂದಲೇ ಅಲ್ಲಿನ ಕಲ್ಲು ಕರಗುತ್ತದೆ ಅಂತಲೂ ಅದರಲ್ಲಿ ಹೇಳಿದರು. ಅಷ್ಟು ಬಿಸಿಯಲ್ಲಿ ನೀರು ಹೇಗೆ ಉಳಿಯುತ್ತದೆ? ನೀರು ಬೆಂಕಿ ಆರಿಸುತ್ತದೆ ಅಲ್ವಾ, ಅದು ಕಲ್ಲನ್ನು ಕರಗಿಸುವುದು ಹೇಗೆ? ಇದರಲ್ಲಿ ನಿಜ ಎಷ್ಟು?

ಉತ್ತರ: ಸಮುದ್ರ ಇಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅಲ್ಲಿ ಅಲೆ ಇಲ್ಲ, ಕೆರೆ ಇಲ್ಲ, ಕೊಡಕ್ಕೆ ತುಂಬಿಸುವಂಥ ನೀರೂ ಇಲ್ಲ. ಆದರೆ ನೀರು ಇದೆ. ಗಟ್ಟಿ ಕಲ್ಲಿನ ಒಳಗೆ, ಕಲ್ಲಿನದೇ ಭಾಗವಾಗಿ ಇದೆ.

ಇದು ಒಗಟಿನ ಹಾಗೆ ಕೇಳಿಸಬಹುದು. ಸುಣ್ಣ ಅರಳಿಸುವುದನ್ನು ನೋಡಿದ್ದರೆ ಅರ್ಥವಾಗುತ್ತದೆ. ಗೂಡಿನಲ್ಲಿ ಸುಟ್ಟ ಸುಣ್ಣದ ಕಲ್ಲಿನ ಮೇಲೆ ಅಳತೆ ನೋಡಿ ನೀರು ಚಿಮುಕಿಸುತ್ತಾರೆ. ಚುರ್ ಅನ್ನುತ್ತದೆ, ಹಬೆ ಏಳುತ್ತದೆ, ಕಲ್ಲು ಬಿರಿದು ಅರಳುತ್ತದೆ. ಕೊನೆಗೆ ಉಳಿಯುವುದು ಬೆರಳಿಗೆ ತೇವವೂ ತಾಗದ ಬಿಳಿ ಪುಡಿ. ಹಾಕಿದ ನೀರು ಎಲ್ಲಿ ಹೋಯಿತು? ಸ್ವಲ್ಪ ಹಬೆಯಾಗಿ ಹೋಯಿತು, ಉಳಿದದ್ದು ಪುಡಿಯಲ್ಲೇ ಇದೆ. ಒಂದು ಕಿಲೋ ಅರಳಿದ ಸುಣ್ಣದಲ್ಲಿ ಸುಮಾರು 240 ಗ್ರಾಂ ನೀರಿರುತ್ತದೆ. ಮುಟ್ಟಿದರೆ ಒಣ, ತೂಗಿದರೆ ಹತ್ತಿರ ಹತ್ತಿರ ಕಾಲು ಭಾಗ ನೀರು! ಅದು ಅಲ್ಲಿ ನೀರಿನ ರೂಪದಲ್ಲಿಲ್ಲ. ಒಂದು ಆಮ್ಲಜನಕ, ಒಂದು ಜಲಜನಕ ಸೇರಿದ ಜೋಡಿಗಳಾಗಿ ಸುಣ್ಣದ ಕಣಗಳ ನಡುವೆ ಇಟ್ಟಿಗೆಯಂತೆ ಕೂತಿದೆ. ಈ ಜೋಡಿಗೆ ಹೈಡ್ರಾಕ್ಸಿಲ್ ಅಂತ ಹೆಸರು. 100 ಡಿಗ್ರಿಗೆ ಕಾಯಿಸಿದರೆ ಇದು ಜಗ್ಗುವುದಿಲ್ಲ. 500 ಡಿಗ್ರಿ ದಾಟಿಸಿದರೆ ಮಾತ್ರ ಕಟ್ಟು ಬಿಚ್ಚಿಕೊಂಡು ಮತ್ತೆ ನೀರಾಗಿ ಹೊರಗೆ ಬರುತ್ತದೆ.

ಭೂಮಿಯ ಆಳದಲ್ಲೂ ನೀರು ಇರುವುದು ಹೀಗೆಯೇ. ಅಲ್ಲಿ ಬಿಸಿ ಇನ್ನೂ ಜಾಸ್ತಿ ನಿಜ. ಆದರೆ ಒತ್ತಡವೂ ಲೆಕ್ಕವಿಲ್ಲದಷ್ಟು ಜಾಸ್ತಿ. ಹೊರಗೆ ಹೋಗಬೇಕೆನ್ನುವ ನೀರನ್ನು ಆ ಒತ್ತಡ ಒಳಗೇ ಅದುಮಿ ಹಿಡಿಯುತ್ತದೆ.

ಈಗ ಆಳದ ಲೆಕ್ಕ. ನಮ್ಮ ಕಾಲ ಕೆಳಗೆ ಸುಮಾರು 35 ಕಿ.ಮೀ. ದಪ್ಪದ ಹೊರಚಿಪ್ಪು ಇದೆ. ಅದರ ಕೆಳಗೆ 2,890 ಕಿ.ಮೀ. ಆಳದವರೆಗೂ ಮ್ಯಾಂಟಲ್. ಮ್ಯಾಂಟಲ್ ಅಂದರೆ ಕುದಿಯುವ ಲಾವಾದ ಕಡಲು ಅಂತ ತುಂಬಾ ಜನ ತಿಳಿದಿದ್ದಾರೆ. ಶಾಲೆಯ ಚಾರ್ಟ್‌ಗಳಲ್ಲಿ ಅದಕ್ಕೆ ಕೆಂಪು, ಕಿತ್ತಳೆ ಬಣ್ಣ ಬಳಿದವರ ತಪ್ಪು ಅದು. ಮ್ಯಾಂಟಲ್ ಹೆಚ್ಚುಕಡಿಮೆ ಪೂರ್ತಿ ಗಟ್ಟಿ ಕಲ್ಲು. ಕೋಟಿ ವರ್ಷಗಳ ಲೆಕ್ಕದಲ್ಲಿ ನೋಡಿದರೆ ನಿಧಾನವಾಗಿ ಹರಿಯುತ್ತದೆ, ಅಷ್ಟೇ. ಅದರ ಮೇಲಿನ ಭಾಗದಲ್ಲಿ ಜಾಸ್ತಿ ಇರುವುದು ಆಲಿವಿನ್ ಎಂಬ ಹಸಿರು ಖನಿಜ. 410 ಕಿ.ಮೀ. ಆಳಕ್ಕೆ ಇಳಿದರೆ ಒತ್ತಡ ತಾಳಲಾರದೆ ಆಲಿವಿನ್ ತನ್ನ ಕಣಗಳನ್ನು ಒತ್ತೊತ್ತಾಗಿ ಜೋಡಿಸಿಕೊಂಡು ವಾಡ್ಸ್ಲಿಯೈಟ್ ಆಗುತ್ತದೆ. ಸುಮಾರು 520 ಕಿ.ಮೀ.ನಲ್ಲಿ ಮತ್ತೊಮ್ಮೆ ಮಾರ್ಪಟ್ಟು ರಿಂಗ್‌ವುಡೈಟ್. 660 ಕಿ.ಮೀ. ದಾಟಿದ ಮೇಲೆ ಅದೂ ಒಡೆದು, ಬ್ರಿಜ್ಮನೈಟ್ ಮುಖ್ಯವಾಗಿರುವ ಬೇರೆ ಕಲ್ಲೇ ಆಗಿಬಿಡುತ್ತದೆ. 410ರಿಂದ 660ರವರೆಗಿನ ಈ ನಡುವಿನ ಪದರವೇ ನಿಮ್ಮ ವಿಡಿಯೊದವರು ಹೇಳಿದ 'ಸಮುದ್ರ'.

ಹೆಸರುಗಳನ್ನು ನೆನಪಿಟ್ಟುಕೊಳ್ಳಬೇಕಿಲ್ಲ. ಒಂದು ವಿಷಯ ನೆನಪಿರಲಿ. ಮೇಲಿನ ಆಲಿವಿನ್‌ಗೂ ಕೆಳಗಿನ ಬ್ರಿಜ್ಮನೈಟ್‌ಗೂ ನೀರು ಹಿಡಿಯುವ ಶಕ್ತಿ ತೀರಾ ಕಡಿಮೆ. ನಡುವಿನ ಎರಡು ಖನಿಜಗಳು ಮಾತ್ರ ತಮ್ಮ ತೂಕದ ನೂರಕ್ಕೆ ಎರಡು ಭಾಗದಷ್ಟು, ಕೆಲವೊಮ್ಮೆ ಇನ್ನೂ ಸ್ವಲ್ಪ ಜಾಸ್ತಿಯೇ ನೀರು ಇಟ್ಟುಕೊಳ್ಳಬಲ್ಲವು. ವಾಡ್ಸ್ಲಿಯೈಟ್‌ನ ರಚನೆ ನೋಡಿ, ಇಲ್ಲಿ ಜಲಜನಕ ಕೂರಲು ಜಾಗವಿದೆ ಅಂತ ಅಮೆರಿಕದ ಜೋಸೆಫ್ ಸ್ಮಿತ್ 1987ರಲ್ಲೇ ಹೇಳಿದ್ದರು. ಆಮೇಲೆ ಪ್ರಯೋಗಾಲಯಗಳಲ್ಲಿ ಮಾಡಿ ನೋಡಿದಾಗ ನಿಜವಾಯಿತು. ಆದರೆ ಜಾಗ ಇದೆ ಅಂದ ಮಾತ್ರಕ್ಕೆ ನೀರು ಇದೆ ಅಂತ ಆಗುವುದಿಲ್ಲವಲ್ಲ. ಮನೆಯಲ್ಲಿ ಕಣಜ ಇದ್ದ ಮಾತ್ರಕ್ಕೆ ರಾಗಿ ತುಂಬಿರಬೇಕೆಂದೇನಿಲ್ಲ.

ರಾಗಿ ಇದೆ ಅಂತ ತೋರಿಸಿದ್ದು ಒಂದು ಕೊಳಕು ವಜ್ರ.

ಬ್ರೆಜಿಲ್‌ನ ಮಾಟೊ ಗ್ರೊಸ್ಸೊ ರಾಜ್ಯದಲ್ಲಿ ಜುಯಿನಾ ಅಂತ ಊರಿದೆ. ಅಲ್ಲಿ ಹೊಳೆಯ ಜಲ್ಲಿ ಜಾಲಿಸಿ ವಜ್ರ ಹುಡುಕುವವರಿಗೆ 2008ರಲ್ಲಿ ಒಂದು ಕಂದು ಬಣ್ಣದ ಹರಳು ಸಿಕ್ಕಿತು. ತೂಕ ಅರ್ಧ ಕ್ಯಾರೆಟ್‌ಗೂ ಕಡಿಮೆ. ಮೈಯೆಲ್ಲ ತೂತು, ಸವಕಲು. ಒಡವೆ ಅಂಗಡಿಯವರು ಮೂಸಿಯೂ ನೋಡದಂಥದ್ದು. ಕೆನಡಾದ ಅಲ್ಬರ್ಟಾ ವಿಶ್ವವಿದ್ಯಾಲಯದ ಗ್ರಹಾಂ ಪಿಯರ್ಸನ್ ಮತ್ತು ಜೊತೆಯವರು ಬೇರೊಂದು ಖನಿಜ ಹುಡುಕುತ್ತಾ ಇಂಥ ಹರಳುಗಳನ್ನು ಕೊಂಡಿದ್ದರು. ಇದಕ್ಕೆ ಕೊಟ್ಟದ್ದು ಸುಮಾರು 20 ಡಾಲರ್. ಅದರೊಳಗೆ ಒಂದು ಚುಕ್ಕೆ ಕಂಡಿತು. ಗಾತ್ರ ಮಿಲಿಮೀಟರಿನ 25ರಲ್ಲಿ ಒಂದು ಪಾಲು. ಎಕ್ಸ್-ರೇ ಹಾಯಿಸಿ, ಬೆಳಕು ಹಾಯಿಸಿ ನೋಡಿದರೆ ಅದು ರಿಂಗ್‌ವುಡೈಟ್! ಅಲ್ಲಿಯವರೆಗೆ ರಿಂಗ್‌ವುಡೈಟನ್ನು ಪ್ರಯೋಗಾಲಯದಲ್ಲಿ ಮಾಡಿದ್ದರು, ಉಲ್ಕೆಗಳಲ್ಲಿ ನೋಡಿದ್ದರು. ನಮ್ಮದೇ ಭೂಮಿಯ ಆಳದಿಂದ ಬಂದ ತುಣುಕನ್ನು ಯಾರೂ ನೋಡಿರಲಿಲ್ಲ. ಮೇಲೆ ಬರುವಾಗ ಒತ್ತಡ ಇಳಿದು ಅದು ಬೇರೆ ಖನಿಜವಾಗಿ ಬದಲಾಗಿಬಿಡುತ್ತದೆ, ಅದಕ್ಕೆ. ಈ ಚೂರನ್ನು ಮಾತ್ರ ವಜ್ರ ತನ್ನ ಬಿಗಿಮುಷ್ಟಿಯಲ್ಲಿ ಹಿಡಿದು ತಂದಿತ್ತು. ಅವಕೆಂಪು ಬೆಳಕಿನಲ್ಲಿ ಅಳೆದಾಗ ಅದರ ತೂಕದ ನೂರಕ್ಕೆ ಸುಮಾರು 1.4 ಭಾಗ ನೀರು ಸಿಕ್ಕಿತು. 2014ರ ಮಾರ್ಚ್‌ನಲ್ಲಿ ಇದು ಪ್ರಕಟವಾಯಿತು. 'ಭೂಗರ್ಭದಲ್ಲಿ ಸಮುದ್ರ' ಅನ್ನುವ ತಲೆಬರಹಗಳು ಹುಟ್ಟಿದ್ದೇ ಆವಾಗ.

ಸಮುದ್ರ ಅನ್ನುವ ಲೆಕ್ಕ ಬಂದದ್ದು ಹೀಗೆ. ಆ ಪದರ ಬಹಳ ಭಾರಿ. ಇಡೀ ಪದರ ನೂರಕ್ಕೆ ಒಂದು ಭಾಗ ನೀರು ಹಿಡಿದಿದ್ದರೂ ಮೇಲಿನ ಎಲ್ಲ ಸಮುದ್ರಗಳ ಮೂರು ಪಟ್ಟಿನಷ್ಟು ನೀರಾಗುತ್ತದೆ. ಈ 'ಹಿಡಿದಿದ್ದರೂ' ಅನ್ನುವ ಪದವನ್ನು ಸುದ್ದಿಯವರು ಸುಮ್ನೆ ನುಂಗಿಬಿಟ್ಟರು. ಒಂದು ಚೂರಿನಿಂದ ಇಡೀ ಪದರಕ್ಕೆ ಲೆಕ್ಕ ಹಾಕುವುದು, ಒಂದು ಬಾವಿ ನೋಡಿ ಇಡೀ ತಾಲ್ಲೂಕಿನಲ್ಲಿ ನೀರಿದೆ ಅಂದ ಹಾಗೆ. ವಜ್ರಗಳು ಬೆಳೆಯುವುದೇ ದ್ರವ ಓಡಾಡಿದ ಕಡೆ. ಹಾಗಾಗಿ ಆ ವಜ್ರ ಹುಟ್ಟಿದ ಜಾಗ ಸುತ್ತಲಿಗಿಂತ ಹೆಚ್ಚು ಒದ್ದೆ ಇದ್ದಿರಲೂಬಹುದು. ನೀರು ಸೇರಿದ ಕಲ್ಲಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ. ಆಳದ ಕಲ್ಲು ಅದನ್ನು ಎಷ್ಟು ಸಲೀಸಾಗಿ ಹರಿಸುತ್ತದೆ ಅನ್ನುವುದರ ಮೇಲೆ ಮಾಡಿದ ಅಂದಾಜುಗಳು ಜಾಗದಿಂದ ಜಾಗಕ್ಕೆ ಬೇರೆ ಬೇರೆ ಬಂದಿವೆ. ಬಹಳ ಕಡೆ ನೂರಕ್ಕೆ ಒಂದಕ್ಕಿಂತ ತುಂಬಾ ಕಡಿಮೆ. ನನ್ನನ್ನು ಕೇಳಿದರೆ, ಒಂದು ಸಮುದ್ರದಷ್ಟು ಅಂದರೆ ತಲೆದೂಗುತ್ತೇನೆ. ಮೂರು ಅಂದರೆ ಇನ್ನೊಂದೆರಡು ವಜ್ರ ತೋರಿಸಿ ಅನ್ನುತ್ತೇನೆ.

ಕೊಡಕ್ಕೆ ತುಂಬಿಸುವ ನೀರು ಇಲ್ಲ ಅಂದೆ. ಅದಕ್ಕೊಂದು ಸಣ್ಣ ತಿದ್ದುಪಡಿ. 2018ರಲ್ಲಿ ಕೆಲವು ವಜ್ರಗಳೊಳಗೆ ಐಸ್-7 ಅನ್ನುವ ಒಂದು ಬಗೆಯ ಮಂಜುಗಡ್ಡೆ ಸಿಕ್ಕಿತು. ಆಳದಲ್ಲಿ ವಜ್ರ ಬೆಳೆಯುವಾಗ ನಿಜವಾದ ನೀರಿನ ಹನಿಯೇ ಅದರೊಳಗೆ ಸಿಕ್ಕಿಕೊಂಡಿತ್ತು. ವಜ್ರ ಮೇಲೆ ಬಂದು ತಣ್ಣಗಾದರೂ ಒಳಗಿನ ಒತ್ತಡ ಇಳಿಯಲಿಲ್ಲ. ಹನಿ ಹೆಪ್ಪುಗಟ್ಟಿತು. ಅಂದರೆ ಅಲ್ಲಲ್ಲಿ ಬಿಡಿ ನೀರೂ ಇರುತ್ತದೆ. ಆದರೆ ವಜ್ರದೊಳಗಿನ ಚುಕ್ಕೆಯನ್ನು ನೋಡಿ ಯಾರೂ ಸಮುದ್ರ ಅನ್ನಲಾರರು.

ಇನ್ನು ನಿಮ್ಮ ಬೆಂಕಿಯ ಪ್ರಶ್ನೆ. ನನಗೆ ಇಷ್ಟವಾದ ಭಾಗ ಇದೇ.

ಒಲೆಗೆ ನೀರು ಸುರಿದರೆ ಬೆಂಕಿ ಆರುವುದು ಯಾಕೆ? ತಣ್ಣೀರು ಹಬೆಯಾಗುತ್ತಾ ಸೌದೆಯ ಬಿಸಿಯನ್ನೆಲ್ಲ ಹೀರಿಕೊಳ್ಳುತ್ತದೆ. ಮ್ಯಾಂಟಲ್‌ನಲ್ಲಿ ನೀರೂ ಕಲ್ಲೂ ಒಂದೇ ಬಿಸಿಯಲ್ಲಿ ಕೋಟಿಗಟ್ಟಲೆ ವರ್ಷ ಜೊತೆಗೇ ಇವೆ. ಅಲ್ಲಿ ನೀರು ಯಾವುದನ್ನೂ ತಣಿಸುವುದಿಲ್ಲ. ಅದು ಮಾಡುವ ಕೆಲಸವೇ ಬೇರೆ. ಹಳೇ ಕಾಲದ ಕುಲ್ಫಿ ಗಾಡಿಯವರು ಐಸಿನ ಚೂರುಗಳಿಗೆ ಹಿಡಿ ಹಿಡಿ ಕಲ್ಲುಪ್ಪು ಹಾಕುತ್ತಿದ್ದರು, ನೆನಪಿದೆಯಾ? ಉಪ್ಪು ಬೆರೆತ ಐಸು ಸೊನ್ನೆಗಿಂತ 20 ಡಿಗ್ರಿ ಕೆಳಗೂ ಕರಗುತ್ತದೆ. ಉಪ್ಪು ಬಿಸಿ ವಸ್ತುವೇನಲ್ಲ. ಐಸಿನ ಹರಳಿನೊಳಗೆ ಉಪ್ಪಿಗೆ ಜಾಗವಿಲ್ಲ, ದ್ರವದಲ್ಲಿ ಮಾತ್ರ ಜಾಗ. ಹಾಗಾಗಿ ಉಪ್ಪಿರುವ ಕಡೆ ದ್ರವವಾಗಿರುವುದೇ ಸುಲಭ. ಮ್ಯಾಂಟಲ್‌ನಲ್ಲಿ ಕಲ್ಲೇ ಐಸು, ನೀರೇ ಉಪ್ಪು.

ಇನ್ನೂ ಹತ್ತಿರದಿಂದ ನೋಡಿದರೆ, ಕರಗಿದ ಕಲ್ಲಿನಲ್ಲಿ ಸಿಲಿಕಾನ್ ಮತ್ತು ಆಮ್ಲಜನಕ ಸರಪಳಿ ಹೆಣೆದುಕೊಂಡಿರುತ್ತವೆ. ನೀರು ಸೇರಿದರೆ ಆ ಸರಪಳಿಯ ಕೊಂಡಿಗಳು ಕತ್ತರಿಸಿಹೋಗುತ್ತವೆ. ಬಿಗಿ ಸಡಿಲವಾಗುತ್ತದೆ. 100 ಕಿ.ಮೀ. ಆಳದಲ್ಲಿ ಒಣ ಮ್ಯಾಂಟಲ್ ಕಲ್ಲು ಕರಗಲು ಶುರುವಾಗಬೇಕಾದರೆ ಸುಮಾರು 1,500 ಡಿಗ್ರಿ ಬೇಕು. ಸಾಕಷ್ಟು ನೀರು ಸೇರಿದರೆ 1,000 ಡಿಗ್ರಿಯ ಆಸುಪಾಸಿನಲ್ಲೇ ಶುರು.

ಶುರು ಅಂದೆ, ಗಮನಿಸಿ. ಕಲ್ಲು ಐಸಿನ ಹಾಗೆ ಒಂದೇ ಏಟಿಗೆ ಕರಗುವುದಿಲ್ಲ. ಅದು ನಾಲ್ಕಾರು ಖನಿಜಗಳ ಮಿಶ್ರಣ. ಚಿಕ್ಕವರಿದ್ದಾಗ ಐಸ್ ಕ್ಯಾಂಡಿ ಚೀಪಿದ್ದೀರಲ್ಲ. ಬಣ್ಣ, ಸಿಹಿ ಎಲ್ಲ ಮೊದಲೇ ಬಾಯಿಗೆ ಬಂದುಬಿಡುತ್ತದೆ. ಕೊನೆಗೆ ಕಡ್ಡಿಯಲ್ಲಿ ಉಳಿಯುವುದು ಸಪ್ಪೆ ಬಿಳಿ ಐಸು. ಭಾಗಶಃ ಕರಗುವುದು ಅಂದರೆ ಅದೇ. ಮ್ಯಾಂಟಲ್ ಕಲ್ಲಿನಲ್ಲಿ ನೂರಕ್ಕೆ ಒಂದೋ ಐದೋ ಹತ್ತೋ ಭಾಗ ಮಾತ್ರ ಕರಗುತ್ತದೆ. ಆ ರಸದೊಳಕ್ಕೆ ಸೋಡಿಯಂ, ಪೊಟ್ಯಾಸಿಯಂ, ಸುಣ್ಣದಂಶ, ಜೊತೆಗೆ ನೀರು, ಎಲ್ಲ ಮೊದಲು ನುಗ್ಗುತ್ತವೆ. ರಸ ಕಾಳು ಕಾಳಿನ ಸಂದಿಯಲ್ಲಿ ಜಿನುಗುತ್ತಾ ಮೇಲಕ್ಕೆ ಹೊರಡುತ್ತದೆ. ಉಳಿದ ಕಲ್ಲು ಗಟ್ಟಿಯಾಗಿಯೇ ಇರುತ್ತದೆ.

ಆಳಕ್ಕೆ ನೀರು ಹೋಗುವುದು ಹೇಗೆ ಅಂತ ನೀವು ಕೇಳಲಿಲ್ಲ. ಆದರೂ ಹೇಳದೆ ಮುಂದೆ ಹೋಗಲಾಗುವುದಿಲ್ಲ. ಸಮುದ್ರದ ತಳದ ಕಲ್ಲು ಕೋಟ್ಯಂತರ ವರ್ಷ ನೀರಲ್ಲಿ ನೆಂದು ಸರ್ಪೆಂಟೀನ್‌ನಂಥ ಖನಿಜವಾಗುತ್ತದೆ. ಅದರ ತೂಕದಲ್ಲಿ ನೂರಕ್ಕೆ 12-13 ಭಾಗ ನೀರು. ಭೂಮಿಯ ಹೊರಮೈ ದೊಡ್ಡ ದೊಡ್ಡ ಹಲಗೆಗಳಾಗಿ ಒಡೆದಿದೆ, ಅವೇ ಭೂಫಲಕಗಳು. ಆ ಸಮುದ್ರತಳವೇ ಪಕ್ಕದ ಭೂಫಲಕದ ಅಡಿಗೆ ಜಾರಿದಾಗ ನೀರನ್ನೂ ಹೊತ್ತೊಯ್ಯುತ್ತದೆ. ಸುಮಾರು 100 ಕಿ.ಮೀ. ಆಳಕ್ಕೆ ಹೋಗುವಷ್ಟರಲ್ಲಿ ಬಿಸಿ ತಾಳದೆ ಬಹುಪಾಲು ನೀರನ್ನು ಬಿಟ್ಟುಬಿಡುತ್ತದೆ. ನೀರು ಮೇಲೇರಿ ಅಲ್ಲಿನ ಬಿಸಿ ಮ್ಯಾಂಟಲ್‌ಗೆ ಸೇರುತ್ತದೆ, ಉಪ್ಪು ಐಸಿಗೆ ಸೇರಿದ ಹಾಗೆ. ಕಲ್ಲು ಭಾಗಶಃ ಕರಗುತ್ತದೆ, ಮೇಲೆ ಜ್ವಾಲಾಮುಖಿ ಏಳುತ್ತದೆ. ಇದರ ಉದಾಹರಣೆ ನಮ್ಮ ದೇಶದಲ್ಲೇ ಇದೆ. ಪೋರ್ಟ್‌ ಬ್ಲೇರ್‌ನಿಂದ ಸುಮಾರು 140 ಕಿ.ಮೀ. ದೂರದ ಬ್ಯಾರನ್ ದ್ವೀಪ, ಭಾರತದ ಏಕೈಕ ಜೀವಂತ ಜ್ವಾಲಾಮುಖಿ. 1787ರಲ್ಲಿ ಅದು ಉಗುಳಿದ್ದರ ಮೊದಲ ದಾಖಲೆ ಇದೆ. ನೂರೈವತ್ತು ವರ್ಷಕ್ಕೂ ಜಾಸ್ತಿ ಸುಮ್ಮನಿದ್ದು 1991ರಲ್ಲಿ ಮತ್ತೆ ಎದ್ದಿತು. ಅದರ ಕೆಳಗೆ ಜಾರುತ್ತಿರುವುದು ಹಿಂದೂ ಮಹಾಸಾಗರದ ತಳ. 2004ರ ಡಿಸೆಂಬರ್ 26ರ ಸುನಾಮಿ ಎದ್ದಿದ್ದೂ ಇದೇ ಗಡಿಯಲ್ಲಿ ತಳ ಒಮ್ಮೆಗೇ ಜಾರಿದ್ದರಿಂದ.

ಎಲ್ಲ ಜ್ವಾಲಾಮುಖಿಗೂ ನೀರೇ ಕಾರಣ ಅಂದುಕೊಳ್ಳಬೇಡಿ. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯ ಕಪ್ಪು ಕಲ್ಲು 6.6 ಕೋಟಿ ವರ್ಷಗಳ ಹಿಂದಿನ ಲಾವಾ. ಅಲ್ಲಿ ಮುಖ್ಯವಾಗಿ ನಡೆದದ್ದು ಬೇರೆ. ಆಳದ ಬಿಸಿ ಕಲ್ಲು ಮೇಲೆ ಬಂತು, ಒತ್ತಡ ಇಳಿಯಿತು, ಕರಗಿತು.

ಮತ್ತೆ ಆಳಕ್ಕೆ ಹೋಗೋಣ. ಜಾರುವ ತಳ ತಣ್ಣಗೆ ಇದ್ದರೆ, ಪೆಸಿಫಿಕ್‌ನ ಟೊಂಗಾ ಹತ್ತಿರ ಇರುವ ಹಾಗೆ, ಸ್ವಲ್ಪ ನೀರು 100 ಕಿ.ಮೀ. ಗಡಿಯನ್ನೂ ತಪ್ಪಿಸಿಕೊಂಡು ಆ ನಡುವಿನ ಪದರಕ್ಕೆ ಸೇರುತ್ತದೆ. ರಿಂಗ್‌ವುಡೈಟ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಆ ಕಲ್ಲು ಇನ್ನೂ ಕೆಳಗೆ ಇಳಿದು 660 ಕಿ.ಮೀ. ದಾಟಿದರೆ? ಅಲ್ಲಿ ಒತ್ತಡ ವಾತಾವರಣದ 2.3 ಲಕ್ಷ ಪಟ್ಟು, ಬಿಸಿ ಸುಮಾರು 1,600 ಡಿಗ್ರಿ. ಒಣ ಕಲ್ಲು ಕರಗಲು ಅಲ್ಲಿ 2,000 ಡಿಗ್ರಿಗೂ ಮೇಲೆ ಬೇಕು. ಹಾಗಾಗಿ 1,600ರಲ್ಲಿ ಏನೂ ಆಗಬಾರದು. ಆದರೆ ರಿಂಗ್‌ವುಡೈಟ್ ಒಡೆದು ಬ್ರಿಜ್ಮನೈಟ್ ಆದಾಗ ನೀರಿಗೆ ಕೂರಲು ಜಾಗವೇ ಇಲ್ಲ. ಅದು ಹೊರಗೆ ಬೀಳುತ್ತದೆ. ಬಿದ್ದ ಕಡೆ ಕಲ್ಲಿನ ಕಾಳುಗಳ ಅಂಚು ಕರಗುತ್ತದೆ.

ಇದನ್ನು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸ್ಟೀವ್ ಜೇಕಬ್‌ಸನ್ ಮಾಡಿಯೇ ತೋರಿಸಿದರು. ಬಳಸಿದ ಸಾಧನ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಎರಡು ವಜ್ರಗಳ ಮೊನೆಗಳನ್ನು ಎದುರುಬದುರು ಇಟ್ಟು, ನಡುವೆ ಕೂದಲೆಳೆಯಷ್ಟು ಸಣ್ಣ ಹರಳು ಇಟ್ಟು ಸ್ಕ್ರೂ ತಿರುಗಿಸುತ್ತಾರೆ. ಅಷ್ಟೇ. ಮೊನೆ ಚಿಕ್ಕದಾದಷ್ಟೂ ಒತ್ತಡ ದೊಡ್ಡದು, ಸೂಜಿ ಚುಚ್ಚಿದ ಹಾಗೆ. ವಜ್ರ ಪಾರದರ್ಶಕ. ಅದರ ಮೂಲಕವೇ ಲೇಸರ್ ಬಿಟ್ಟು 1,600 ಡಿಗ್ರಿಗೆ ಕಾಯಿಸಬಹುದು, ನೋಡಲೂಬಹುದು. ಒಳಗಿಟ್ಟದ್ದು ನೀರು ಸೇರಿಸಿ ಬೆಳೆಸಿದ ನೀಲಿ ರಿಂಗ್‌ವುಡೈಟ್. ಲೇಸರ್ ಬಿದ್ದ ಕಡೆ ಅದು ಬ್ರಿಜ್ಮನೈಟ್ ಆಯಿತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಾಳುಗಳ ಸಂದಿಯಲ್ಲಿ ಕರಗಿದ ಗುರುತು.

ಪ್ರಯೋಗಾಲಯದಲ್ಲಿ ಆದದ್ದು ಭೂಮಿಯಲ್ಲೂ ಆಗುತ್ತಿದೆಯಾ? ಅದಕ್ಕೆ ಭೂಕಂಪದ ಅಲೆಗಳೇ ಸಾಕ್ಷಿ. ಗಟ್ಟಿ ಕಲ್ಲಿನಲ್ಲಿ ಅಲೆ ಜೋರಾಗಿ ಓಡುತ್ತದೆ, ಸಂದಿಯಲ್ಲಿ ಸ್ವಲ್ಪ ರಸವಿದ್ದರೂ ನಿಧಾನವಾಗುತ್ತದೆ. ಅಮೆರಿಕದಲ್ಲಿ 2004ರಿಂದ ಸುಮಾರು 400 ಭೂಕಂಪ ಮಾಪಕಗಳನ್ನು 70 ಕಿ.ಮೀ.ಗೊಂದರಂತೆ ನೆಟ್ಟು, ಒಂದು ಸಾಲು ಕಿತ್ತು ಇನ್ನೊಂದು ಸಾಲು ಹಾಕುತ್ತಾ ಪಶ್ಚಿಮದಿಂದ ಪೂರ್ವ ಕರಾವಳಿಯವರೆಗೂ ನಡೆಸಿಕೊಂಡು ಹೋದರು. ಒಂದು ರೀತಿ ಪೈರು ನಾಟಿ ಮಾಡಿದ ಹಾಗೆ! ಅದರ ದಾಖಲೆ ಹಿಡಿದು ಬ್ರ್ಯಾಂಡನ್ ಶ್ಮಾಂಟ್, ಜೇಕಬ್‌ಸನ್ ಮತ್ತಿತರರು 2014ರ ಜೂನ್‌ನಲ್ಲಿ ಹೇಳಿದ್ದು ಇಷ್ಟು: ಮ್ಯಾಂಟಲ್ ಕೆಳಮುಖವಾಗಿ ಹರಿಯುವ ಕಡೆಗಳಲ್ಲಿ, 660 ಕಿ.ಮೀ. ಗಡಿಯ ಸ್ವಲ್ಪ ಕೆಳಗೆ ಅಲೆಗಳು ಮಂದವಾಗುತ್ತವೆ. ನೂರಕ್ಕೆ ಒಂದು ಭಾಗ, ಅದಕ್ಕೂ ಕಡಿಮೆ ಕಲ್ಲು ಕರಗಿದ್ದರೆ ಅದಕ್ಕೆ ಲೆಕ್ಕ ಸರಿಹೋಗುತ್ತದೆ. ಅಲೆ ಮಂದವಾಗಲು ಬೇರೆ ಕಾರಣಗಳೂ ಇರಬಹುದು ಅನ್ನುವವರಿದ್ದಾರೆ. ಆದರೆ ಪ್ರಯೋಗಾಲಯ ಮತ್ತು ಮಾಪಕ ಎರಡೂ ಒಂದೇ ಕಡೆ ಬೆರಳು ತೋರಿಸಿದ್ದನ್ನು ಸುಲಭವಾಗಿ ತಳ್ಳಿಹಾಕಲಾಗದು.

ಅಂದಹಾಗೆ, ಇಂಥ ಅಲೆಗಳನ್ನು ಆಲಿಸುವ ಮಾಪಕಗಳ ಸಾಲು ನಿಮ್ಮ ಪಕ್ಕದ ಗೌರಿಬಿದನೂರಿನಲ್ಲೇ ಇದೆ. ಭಾಭಾ ಪರಮಾಣು ಸಂಶೋಧನಾ ಕೇಂದ್ರದ್ದು. 1960ರ ದಶಕದಿಂದ ಕೆಲಸ ಮಾಡುತ್ತಿದೆ. ಮುಖ್ಯ ಉದ್ದೇಶ ದೂರದ ದೇಶಗಳ ಅಣುಸ್ಫೋಟ ಪತ್ತೆ ಮಾಡುವುದು. ಆದರೆ ನೆಲದಾಳದ ಗಡಿಗಳಿಂದ ಬರುವ ಅಲೆಗಳೂ ಅದಕ್ಕೆ ಕೇಳಿಸುತ್ತವೆ. ಕೋಲಾರ, ಚಿಕ್ಕಬಳ್ಳಾಪುರದ ಗಟ್ಟಿ ಹಳೇ ಕಲ್ಲು ಗದ್ದಲವಿಲ್ಲದ ಕಲ್ಲು. ನಿಮ್ಮ ಬೋರ್‌ಗೆ ಕೆಟ್ಟದ್ದು ಅವರಿಗೆ ಒಳ್ಳೆಯದಾಗಿದೆ.

660ರಲ್ಲಿ ಕೆಳಮುಖವಾಗಿ ಆದದ್ದು 410ರಲ್ಲಿ ಮೇಲ್ಮುಖವಾಗಿಯೂ ಆಗಬಹುದು. ಒದ್ದೆ ಕಲ್ಲು ಮೇಲೆದ್ದು ಆಲಿವಿನ್ ಆಗುವಾಗ ಮತ್ತೆ ನೀರು ಹೊರಬಿದ್ದು ಸ್ವಲ್ಪ ಕರಗಬೇಕು. ಯೇಲ್ ವಿಶ್ವವಿದ್ಯಾಲಯದ ಡೇವಿಡ್ ಬರ್ಕೊವಿಚಿ ಮತ್ತು ಶುನ್-ಇಚಿರೊ ಕರಾಟೊ 2003ರಲ್ಲಿ ಇದನ್ನೇ ಸೋಸುವ ಬಟ್ಟೆಯ ಹಾಗೆ ಅಂದರು. ಆ ರಸ ಮೇಲಿನ ಕಲ್ಲಿಗಿಂತ ಭಾರವಿರುವುದರಿಂದ ಮೇಲೇಳದೆ ಅಲ್ಲೇ ನಿಲ್ಲುತ್ತದೆ, ನೀರನ್ನೂ ಹಲವು ಧಾತುಗಳನ್ನೂ ತಡೆಹಿಡಿಯುತ್ತದೆ ಅನ್ನುವುದು ಅವರ ವಾದ. ಚೀನಾದ ಪೂರ್ವಭಾಗದ ಕೆಳಗೆ 410ರ ನೆತ್ತಿಯಲ್ಲಿ ಅಲೆ ಮಂದವಾಗುವ ತೆಳು ಪದರ 1994ರಲ್ಲೇ ಕಂಡಿತ್ತು. ಎಲ್ಲ ಕಡೆ ಅದು ಸಿಗುವುದಿಲ್ಲ.

ಹಾಗಾದರೆ ಆ ನೀರು ತೆಗೆಯಬಹುದಾ? ಮನುಷ್ಯ ಕೊರೆದ ಅತಿ ಆಳದ ಗುಂಡಿ ರಷ್ಯಾದ ಕೋಲಾದಲ್ಲಿದೆ, ನಮ್ಮ ಕೋಲಾರವಲ್ಲ. 1970ರಲ್ಲಿ ಶುರುಮಾಡಿ 1989ರ ಹೊತ್ತಿಗೆ 12,262 ಮೀಟರ್ ಇಳಿದರು. 180 ಡಿಗ್ರಿ ಬಿಸಿ ಬಂತು, ಕೊರೆಯಲಾಗದೆ ನಿಲ್ಲಿಸಿದರು. ನಮ್ಮ ಕೋಲಾರದ ಚಾಂಪಿಯನ್ ರೀಫ್ ಗಣಿ ಇಳಿದದ್ದು ಸುಮಾರು 3.2 ಕಿ.ಮೀ. ನೀರಿರುವ ಪದರದ ನೆತ್ತಿಯೇ 410 ಕಿ.ಮೀ.ನಲ್ಲಿದೆ, ನಿಮ್ಮ ಬೋರ್‌ನ ಆಳದ ಸಾವಿರ ಪಟ್ಟಿಗೂ ಜಾಸ್ತಿ. ಅಲ್ಲಿಗೆ ಪೈಪ್ ಇಳಿಸಿದರೂ ಸಿಗುವುದು ಒಣ ನೀಲಿ ಕಲ್ಲು.

ನಿಮ್ಮ ಬೋರ್‌ಗೆ ಬರಬೇಕಾದ್ದು ಮಳೆಯ ನೀರು. ಅದು ಗ್ರಾನೈಟ್‌ನ ಬಿರುಕುಗಳಲ್ಲಿ ನಿಲ್ಲುತ್ತದೆ. ಆಳ ಹೋದಷ್ಟೂ ಮೇಲಿನ ಭಾರಕ್ಕೆ ಬಿರುಕುಗಳು ಮುಚ್ಚಿಕೊಳ್ಳುತ್ತಾ ಹೋಗುತ್ತವೆ. 1,200 ಅಡಿಗೆ ದೂಳು ಬಂದ ಜಾಗದಲ್ಲಿ 1,500ಕ್ಕೆ ಇಳಿಸೋಣ ಅಂತ ಯಾರಾದರೂ ಹೇಳಿದರೆ, ಆ ದುಡ್ಡನ್ನು ಕೃಷಿ ಹೊಂಡಕ್ಕೆ ಹಾಕಿ.